ರಾಜ್ಯಾಡಳಿತದಲ್ಲಿ ಮುಖ್ಯ ನ್ಯಾಯಮೂರ್ತಿಗಳ ನಾಯಕತ್ವ: ಅಧಿಕಾರ ಎಷ್ಟು, ಅವಲಂಬನೆ ಎಷ್ಟು?

ಪ್ರಶ್ನೆ: ಜತ್ತದವ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು. ಮನೆಯಲ್ಲಿ ಮಾತು ಕನ್ನಡ, ಕೋರ್ಟು ಕಚೇರಿಯ ಕಾಗದವೆಲ್ಲ ಮರಾಠಿ. ನಮ್ಮ ಮನೆತನದ ಹೊಲದ ವ್ಯಾಜ್ಯವು ಎರಡನೆಯ ಅಪೀಲಿನಲ್ಲಿ ಮುಂಬಯಿ ಹೈಕೋರ್ಟಿನಲ್ಲಿದ್ದುದರಿಂದ ದೊಡ್ಡಪ್ಪನವರು ದಾಖಲೆಗಳ ಚೀಲ ಹಿಡಿದು ಮಿರಜಿಗೆ ಬಂದು, ರೈಲು ಹತ್ತಿ, ನನ್ನ ಮನೆಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಹೈಕೋರ್ಟಿರುವ ಫೋರ್ಟಿಗೆ ಹೋಗಿ ಬರುವುದು ವಾಡಿಕೆಯಾಗಿತ್ತು. 2025ರ ಆಗಸ್ಟ್ 1ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಆಲೋಕ್ ಆರಾಧೆಯವರು ಅಧಿಸೂಚನೆ ಹೊರಡಿಸಿದರು. ಅದೇ ತಿಂಗಳ 18ರಿಂದ ಕೊಲ್ಲಾಪುರದಲ್ಲಿ ಹೈಕೋರ್ಟಿನ ಸಂಚಾರಿ ಪೀಠ, ಎಂದರೆ ಕಾಯಂ ಅಲ್ಲದ ಪೀಠ, ಕೆಲಸ ಆರಂಭಿಸಿತು. ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ರತ್ನಾಗಿರಿ, ಸಿಂಧುದುರ್ಗ ಈ ಆರೂ ಜಿಲ್ಲೆಗಳ ಪ್ರಕರಣಗಳು ಅತ್ತ ಹೋದವು.

ನನ್ನ ಸಂದೇಹ ಇಲ್ಲಿಂದ ಹುಟ್ಟಿದ್ದು. ಆರು ಜಿಲ್ಲೆಗಳ ಜನಜೀವನದ ಮೇಲೆ ಪರಿಣಾಮ ಬೀರುವ ಇಂಥ ತೀರ್ಮಾನವನ್ನು ವಿಧಾನಸಭೆಯಲ್ಲಿ ಮಸೂದೆ ಮಂಡಿಸದೆ, ಮತಕ್ಕೆ ಹಾಕದೆ, ಮುಖ್ಯ ನ್ಯಾಯಮೂರ್ತಿಗಳ ಸಹಿಯಿಂದಲೇ ಜಾರಿಗೆ ತರಬಹುದಾದರೆ, ಅವರನ್ನು ರಾಜ್ಯ ಸರಕಾರದ ನಾಯಕರಲ್ಲಿ ಒಬ್ಬರೆಂದು ಎಣಿಸಬೇಕಲ್ಲವೇ? ಹಾಗೆ ಎಣಿಸುವುದಾದರೆ ಅವರು ಯಾರಿಗೆ ಉತ್ತರದಾಯಿ? ಅಮೆರಿಕೆಯ ರಾಜ್ಯಗಳಲ್ಲಿ ಮುಖ್ಯ ನ್ಯಾಯಾಧೀಶರು ಶಾಸನಸಭೆಯ ಮುಂದೆ ನಿಂತು ಭಾಷಣ ಮಾಡುತ್ತಾರೆಂದೂ ಕೆಲವೆಡೆ ಚುನಾವಣೆಗೇ ನಿಲ್ಲುತ್ತಾರೆಂದೂ ಕೇಳಿದ್ದೇನೆ. ನಮ್ಮ ವ್ಯವಸ್ಥೆಗೂ ಅದಕ್ಕೂ ಹೋಲಿಕೆ ಇದೆಯೇ? ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ 1: ಫೋರ್ಟಿನ ವಕೀಲ, ಮುಂಬಯಿ

ಪ್ರಶ್ನೆ ಸಮಂಜಸವಾಗಿದೆ. ಆದರೆ "ಸಹಿಯಿಂದಲೇ" ಎಂಬ ಮಾತಿನೊಳಗೆ ಅರ್ಧ ಕಥೆ ಅಡಗಿದೆ. ಕೊಲ್ಲಾಪುರದ ಪೀಠಕ್ಕೆ ಆಧಾರವಾದದ್ದು 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 51ನೆಯ ಕಲಮಿನ 3ನೆಯ ಉಪಕಲಂ. ಹೈಕೋರ್ಟಿನ ನ್ಯಾಯಮೂರ್ತಿಗಳು ರಾಜ್ಯದ ಬೇರೆ ಯಾವ ಊರಿನಲ್ಲಿ ಕೂರಬೇಕೆಂಬುದನ್ನು ಮುಖ್ಯ ನ್ಯಾಯಮೂರ್ತಿಗಳು ರಾಜ್ಯಪಾಲರ ಒಪ್ಪಿಗೆ ಪಡೆದು ಗೊತ್ತುಪಡಿಸಬಹುದು ಎಂದು ಅದು ಹೇಳುತ್ತದೆ. ರಾಜ್ಯಪಾಲರ ಒಪ್ಪಿಗೆ ಎಂದರೆ ನಡೆವಳಿಕೆಯಲ್ಲಿ ಮಂತ್ರಿಮಂಡಲದ ಸಲಹೆ. ಆದ್ದರಿಂದ ಲೇಖನಿ ಹಿಡಿದವರು ಮುಖ್ಯ ನ್ಯಾಯಮೂರ್ತಿಗಳಾದರೂ ಸರಕಾರ ತಲೆದೂಗದೆ ಶಾಯಿ ಮೂಡುವುದಿಲ್ಲ. ಅದೇ ಕಲಮಿನ 2ನೆಯ ಉಪಕಲಂ ಕಾಯಂ ಪೀಠಕ್ಕೆ ಸಂಬಂಧಿಸಿದ್ದು. ಅಲ್ಲಿ ಆದೇಶ ಹೊರಡಿಸುವವರು ರಾಷ್ಟ್ರಪತಿಗಳು, ಎಂದರೆ ಕೇಂದ್ರ ಸರಕಾರ. ಮುಖ್ಯ ನ್ಯಾಯಮೂರ್ತಿಗಳಿಗೆ ಅಲ್ಲಿರುವುದು ಸಮಾಲೋಚನೆಯ ಸ್ಥಾನ ಮಾತ್ರ.

ಈ ಎರಡು ಉಪಕಲಂಗಳ ನಡುವಿನ ಅಂತರದಲ್ಲಿ ಎಷ್ಟು ರಾಜಕಾರಣ ಹಿಡಿಸುತ್ತದೆ ಎಂಬುದಕ್ಕೆ ಔರಂಗಾಬಾದಿನ ಪ್ರಸಂಗವನ್ನು ನೋಡಬೇಕು. ಮರಾಠವಾಡಕ್ಕೆ ಕಾಯಂ ಪೀಠ ಬೇಕೆಂದು 1978ರಲ್ಲಿಯೇ ರಾಜ್ಯ ಸರಕಾರ ನಿಲುವು ತಳೆದಿತ್ತು. ದೆಹಲಿಯಿಂದ ಉತ್ತರ ಬರಲಿಲ್ಲ. ಕೊನೆಗೆ ಮುಖ್ಯ ನ್ಯಾಯಮೂರ್ತಿ ವಿ.ಎಸ್. ದೇಶಪಾಂಡೆಯವರು ದೆಹಲಿಯ ಹಾದಿ ಕಾಯುವುದನ್ನು ಬಿಟ್ಟು, 3ನೆಯ ಉಪಕಲಮಿನ ಅಧಿಕಾರವನ್ನು ಬಳಸಿ, 1981ರ ಆಗಸ್ಟ್ 27ರಿಂದ ನ್ಯಾಯಮೂರ್ತಿಗಳು ಔರಂಗಾಬಾದಿನಲ್ಲೂ ಕೂರುವಂತೆ ಆದೇಶಿಸಿದರು. ಆ ಆದೇಶವನ್ನು ಪ್ರಶ್ನಿಸಲಾಯಿತು, ಮತ್ತು ಸ್ವತಃ ಮುಂಬಯಿ ಹೈಕೋರ್ಟೇ ಅದನ್ನು ರದ್ದುಪಡಿಸಿತು. ತಮ್ಮ ಮುಖ್ಯಸ್ಥರ ಆದೇಶವನ್ನು ತಮ್ಮದೇ ನ್ಯಾಯಾಲಯ ತಳ್ಳಿಹಾಕುವುದೆಂದರೆ ಸಣ್ಣ ಮಾತಲ್ಲ. 1982ರಲ್ಲಿ ಸುಪ್ರೀಂ ಕೋರ್ಟು ದೇಶಪಾಂಡೆಯವರ ಆದೇಶವನ್ನು ಎತ್ತಿಹಿಡಿಯಿತು. ಕಾಯಂ ಪೀಠ ಆಗದಿದ್ದರೂ ಈ ಅಧಿಕಾರ ಸ್ವತಂತ್ರವಾಗಿ ನಿಲ್ಲುತ್ತದೆ ಎಂಬುದು ಅದರ ತಾತ್ಪರ್ಯ. 1984ರಲ್ಲಿ ಅದೇ ಪೀಠ ಕಾಯಂ ಆಯಿತು. ಕರ್ನಾಟಕದಲ್ಲಿ ಧಾರವಾಡ ಮತ್ತು ಕಲಬುರಗಿಯ ಪೀಠಗಳು 2008ರ ಜುಲೈಯಲ್ಲಿ ಸಂಚಾರಿಯಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದದ್ದೂ ಇದೇ ಮೆಟ್ಟಿಲುಗಳನ್ನು ಹತ್ತಿಯೇ.

ಇದನ್ನು ನಾಯಕತ್ವವೆಂದು ಕರೆಯಲು ನನಗೆ ಅಭ್ಯಂತರವಿಲ್ಲ. ಆದರೆ ಅದರ ಆಯುಷ್ಯವನ್ನು ಗಮನಿಸಬೇಕು. ಆರಾಧೆಯವರು ಇಲ್ಲಿಗೆ ಬಂದದ್ದು 2025ರ ಜನವರಿಯಲ್ಲಿ. ಕೊಲ್ಲಾಪುರದಲ್ಲಿ ಸಿಪಿಆರ್ ಆಸ್ಪತ್ರೆಯ ಎದುರಿನ ಹಳೆಯ ನ್ಯಾಯಾಲಯದ ಕಟ್ಟಡದಲ್ಲಿ ಪೀಠ ಶುರುವಾದ ತಿಂಗಳು ಮುಗಿಯುವುದರೊಳಗೆ ಅವರು ಸುಪ್ರೀಂ ಕೋರ್ಟಿಗೆ ಹೋಗಿಯಾಗಿತ್ತು. 2023ರ ಮೇ ತಿಂಗಳಲ್ಲಿ ರಮೇಶ್ ಧಾನುಕಾ ಅವರು ಇದೇ ಹುದ್ದೆಯಲ್ಲಿ ಮೂರು ದಿನ ಇದ್ದರು. 28ರಂದು ಪ್ರಮಾಣವಚನ, 30ರಂದು ನಿವೃತ್ತಿ. ಹೊರರಾಜ್ಯದವರೇ ಮುಖ್ಯ ನ್ಯಾಯಮೂರ್ತಿಗಳಾಗಬೇಕೆಂಬ ಧೋರಣೆ 1980ರ ದಶಕದಿಂದ ರೂಢಿಯಲ್ಲಿರುವುದರಿಂದ, ಬರುವವರಿಗೆ ರಾಜ್ಯದ ಜಿಲ್ಲೆಗಳ ಹೆಸರು, ವಕೀಲರ ಸಂಘಗಳ ಒಳಜಗಳ, ಮಂತ್ರಾಲಯದ, ಎಂದರೆ ರಾಜ್ಯದ ಸಚಿವಾಲಯದ, ಅಧಿಕಾರಿಗಳ ಮುಖಪರಿಚಯ ಇವೆಲ್ಲ ಹೊಸದಾಗಿ ಆಗಬೇಕು. ಆಗುವಷ್ಟರಲ್ಲಿ ವರ್ಗಾವಣೆಯೋ ಬಡ್ತಿಯೋ ಬಂದಿರುತ್ತದೆ. ಕೊಲ್ಲಾಪುರದ ಬೇಡಿಕೆ ದಶಕಗಳಷ್ಟು ಹಳೆಯದು. ಹಲವು ಮುಖ್ಯ ನ್ಯಾಯಮೂರ್ತಿಗಳು ಮನವಿಗಳನ್ನು ಸ್ವೀಕರಿಸಿ ನಿವೃತ್ತರಾದರು. ಮಹಾರಾಷ್ಟ್ರದವರೇ ಆದ ಭೂಷಣ್ ಗವಾಯಿಯವರು ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿ ಬಹಿರಂಗವಾಗಿ ಬೆಂಬಲಿಸಿದ್ದು, ರಾಜ್ಯ ಸರಕಾರ ಅನುಕೂಲವಾಗಿದ್ದದ್ದು, ಇಲ್ಲಿನ ಮುಖ್ಯಸ್ಥರು ಮನಸ್ಸು ಮಾಡಿದ್ದು ಈ ಮೂರೂ ಒಂದೇ ಕಾಲಕ್ಕೆ ಕೂಡಿಬಂದವು.

ಕಾಯ್ದೆಯು ಲೇಖನಿ ಕೊಡದ ಕಡೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಫೋರ್ಟಿನ ಕಟ್ಟಡವೇ ಸಾಕ್ಷಿ. 1878ರಲ್ಲಿ ಸಿದ್ಧವಾದ ಕಟ್ಟಡ ಅದು. ಜಾಗ ಸಾಲದು ಎಂಬುದು ಅದರ ಕಾರಿಡಾರಿನಲ್ಲಿ ಕಡತದ ರಾಶಿ ತಪ್ಪಿಸಿಕೊಂಡು ನಡೆದವರಿಗೆಲ್ಲ ಗೊತ್ತು. ಹೊಸ ಕಟ್ಟಡಕ್ಕೆ ಬಾಂದ್ರಾ ಪೂರ್ವದ ಸರಕಾರಿ ವಸಾಹತಿನಲ್ಲಿ ಜಮೀನು ಕೊಡಿಸಲು ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ಬೇಕಾದವು. ಕಡೆಗೆ 2024ರಲ್ಲಿ ವಕೀಲರ ಪತ್ರವನ್ನು ಆಧರಿಸಿ ಸುಪ್ರೀಂ ಕೋರ್ಟೇ ವಿಷಯವನ್ನು ಕೈಗೆತ್ತಿಕೊಳ್ಳಬೇಕಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭೂಮಿಪೂಜೆ ನಡೆಯಿತು. ಪೀಠ ಸ್ಥಾಪಿಸುವ ಅಧಿಕಾರವುಳ್ಳ ಹುದ್ದೆಗೆ ತನ್ನ ತಲೆಯ ಮೇಲಿನ ಸೂರನ್ನು ಬದಲಿಸಿಕೊಳ್ಳುವ ಅಧಿಕಾರವಿಲ್ಲ.

ಉತ್ತರ 2: ಶಿವಾಜಿನಗರದ ನಿವೃತ್ತ, ಪುಣೆ

ವಕೀಲ ಸಾಹೇಬರು ಪೀಠದ ವಿಚಾರವನ್ನು ಚೆನ್ನಾಗಿ ಬಿಡಿಸಿದ್ದಾರೆ. ನಾನು ಜಿಲ್ಲಾ ನ್ಯಾಯಾಲಯದ ಸಿಬ್ಬಂದಿ ಶಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ನನಗೆ ಮುಖ್ಯ ನ್ಯಾಯಮೂರ್ತಿಗಳ ಅಧಿಕಾರ ಕಾಣಿಸಿದ್ದು ತೀರ್ಪುಗಳಲ್ಲಲ್ಲ, ಕಡತಗಳಲ್ಲಿ.

ಸಂವಿಧಾನದ 235ನೆಯ ವಿಧಿಯ ಪ್ರಕಾರ ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳ ಹತೋಟಿ ಹೈಕೋರ್ಟಿನದು. ನ್ಯಾಯಾಧೀಶರ ವರ್ಗಾವಣೆ, ಬಡ್ತಿ, ರಜೆ, ಶಿಸ್ತುಕ್ರಮ ಇವುಗಳಲ್ಲಿ ಮಂತ್ರಾಲಯ ಮೂಗು ತೂರಿಸುವಂತಿಲ್ಲ. 229ನೆಯ ವಿಧಿಯ ಪ್ರಕಾರ ಹೈಕೋರ್ಟಿನ ಸ್ವಂತ ಸಿಬ್ಬಂದಿಯ ನೇಮಕಾತಿ ಮುಖ್ಯ ನ್ಯಾಯಮೂರ್ತಿಗಳದು. ಅವರ ಸೇವಾ ನಿಯಮಗಳನ್ನು ರೂಪಿಸುವವರೂ ಅವರೇ. ಇಷ್ಟು ಓದಿದರೆ ಇವರದೊಂದು ಪ್ರತ್ಯೇಕ ಸಂಸ್ಥಾನವೆಂದೇ ಅನ್ನಿಸುತ್ತದೆ. ಆದರೆ ಅದೇ 229ರೊಳಗೆ ಒಂದು ಪರಂತುಕವಿದೆ: ಸಂಬಳ, ಭತ್ಯೆ, ರಜೆ, ಪಿಂಚಣಿಗೆ ತಗಲುವ ನಿಯಮಗಳಿಗೆ ರಾಜ್ಯಪಾಲರ ಒಪ್ಪಿಗೆ ಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಪೂಜಾರಿ ಯಾರು ಎಂದರೆ ಹಣಕಾಸು ಇಲಾಖೆ. ನಮ್ಮಲ್ಲಿ ಬೆರಳಚ್ಚುಗಾರರ ಹುದ್ದೆಗಳನ್ನು ಹೆಚ್ಚಿಸಬೇಕೆಂಬ ಪ್ರಸ್ತಾವನೆಯೊಂದು ಹೊರಟ ಬಗೆಯನ್ನು ಹೇಳುತ್ತೇನೆ. ಜಿಲ್ಲಾ ನ್ಯಾಯಾಧೀಶರ ಸಹಿಯಾಗಿ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರ ಕಚೇರಿಗೆ ಹೋಯಿತು. ಅಲ್ಲಿ ಆಡಳಿತ ಸಮಿತಿಯ ಮುಂದೆ ಬಂದು ಮಂಜೂರಾಯಿತು. ಮಂತ್ರಾಲಯದ ವಿಧಿ ಮತ್ತು ನ್ಯಾಯ ಇಲಾಖೆಗೆ ತಲುಪಿತು. ಅಲ್ಲಿಂದ ಹಣಕಾಸು ಇಲಾಖೆಗೆ. ಹಣಕಾಸಿನವರು ಕಡತದ ಮೇಲೆ ಒಂದು ಸಾಲಿನ ಆಕ್ಷೇಪಣೆ ಬರೆದರು: ಈಗಿರುವ ಹುದ್ದೆಗಳ ಕೆಲಸದ ಹೊರೆಯ ತಃಖ್ತೆ ಲಗತ್ತಿಸಿಲ್ಲ. ಆ ಒಂದು ಸಾಲು ಬಂದ ದಾರಿಯಲ್ಲೇ ಹಿಂತಿರುಗಿ ನಮ್ಮ ಮೇಜಿಗೆ ಬಂದಿತು. ನಾವು ತಃಖ್ತೆ ತಯಾರಿಸಿ ಕಳಿಸಿದೆವು. ಅದು ಪುನಃ ಮಂತ್ರಾಲಯ ತಲುಪುವ ವೇಳೆಗೆ ಆರ್ಥಿಕ ವರ್ಷ ಮುಗಿದು, ಅಂಕಿ ಹಳೆಯದಾಯಿತೆಂದು ಮತ್ತೊಂದು ಸಾಲು ಬಂದಿತು. ಪ್ರಸ್ತಾವನೆಯನ್ನು ಮಂಜೂರು ಮಾಡಿದ್ದ ಮುಖ್ಯ ನ್ಯಾಯಮೂರ್ತಿಗಳು ಅಷ್ಟರಲ್ಲಿ ಹುದ್ದೆಯಲ್ಲಿರಲಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲವೆಂದೇ ನನ್ನ ನಂಬಿಕೆ. ಆದರೂ ರಾಜ್ಯದ ನ್ಯಾಯಾಂಗದ ಮುಖ್ಯಸ್ಥರು ಒಪ್ಪಿದ ಕೆಲಸ ಇಲಾಖೆಯ ಒಬ್ಬ ಅಧೀನ ಕಾರ್ಯದರ್ಶಿಯ ಒಂದು ಸಾಲಿಗೆ ನಿಂತಿತೆಂಬುದು ನಿಜ.

ಹಣದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೈಕೋರ್ಟಿನ ನ್ಯಾಯಮೂರ್ತಿಗಳ ಸಂಬಳ ಮತ್ತು ಹೈಕೋರ್ಟಿನ ಆಡಳಿತ ವೆಚ್ಚ ರಾಜ್ಯದ ಸಂಚಿತ ನಿಧಿಯ ಮೇಲಿನ ಪ್ರಭೃತ ವೆಚ್ಚ. ಶಾಸಕರು ಅದರ ಬಗ್ಗೆ ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಇದು ಸಂವಿಧಾನ ಕೊಟ್ಟ ರಕ್ಷೆ. ಆದರೆ ಜತ್ತ, ಅಕ್ಕಲಕೋಟೆ, ಗಡಹಿಂಗ್ಲಜದಂಥ ತಾಲ್ಲೂಕುಗಳ ನ್ಯಾಯಾಲಯದ ಕಟ್ಟಡ, ಗುಮಾಸ್ತರು, ಕುಡಿಯುವ ನೀರು, ಶೌಚಾಲಯ ಇವುಗಳ ಖರ್ಚು ಮತಕ್ಕೆ ಬರುವ ಬೇಡಿಕೆಗಳಲ್ಲಿ ಸೇರುತ್ತದೆ. ಜನರು ಕಾಲಿಡುವುದು ಹೆಚ್ಚಾಗಿ ಅಲ್ಲಿಯೇ. ಆ ರಕ್ಷೆ ಹೈಕೋರ್ಟಿನ ಗೇಟಿಗೆ ಬಂದು ನಿಂತುಬಿಡುತ್ತದೆ.

ಮುಖ್ಯ ನ್ಯಾಯಮೂರ್ತಿಗಳು ಬಲಪ್ರಯೋಗಕ್ಕೆ ಇಳಿದರೆ ಏನಾಗುತ್ತದೆಂಬುದನ್ನೂ ನೋಡಿದ್ದೇವೆ. ನಿವೃತ್ತ ನ್ಯಾಯಮೂರ್ತಿಗಳ ಸೌಲಭ್ಯಗಳ ಬಗ್ಗೆ ಅಲಹಾಬಾದಿನ ಮುಖ್ಯ ನ್ಯಾಯಮೂರ್ತಿಗಳು ನಿಯಮ ರೂಪಿಸಿದ್ದರು. ಅದನ್ನು ಸರಕಾರ ಅಧಿಸೂಚಿಸಲಿಲ್ಲವೆಂದು 2023ರ ಏಪ್ರಿಲಿನಲ್ಲಿ ಅಲ್ಲಿನ ಹೈಕೋರ್ಟು ಹಣಕಾಸು ಇಲಾಖೆಯ ಹಿರಿಯ ಅಧಿಕಾರಿಗಳನ್ನು ವಶಕ್ಕೆ ತೆಗೆದುಕೊಂಡಿತು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶಗಳನ್ನು ರದ್ದುಪಡಿಸಿ, 229ನೆಯ ವಿಧಿಯಡಿ ನಿವೃತ್ತ ನ್ಯಾಯಮೂರ್ತಿಗಳಿಗಾಗಿ ನಿಯಮ ಮಾಡುವ ಅಧಿಕಾರ ಮುಖ್ಯ ನ್ಯಾಯಮೂರ್ತಿಗಳಿಗಿಲ್ಲ ಎಂದಿತು. ಅಧಿಕಾರಿಗಳನ್ನು ಖುದ್ದು ಕರೆಸುವುದಕ್ಕೂ ಕಟ್ಟಳೆ ಹಾಕಿತು. ಗುಮಾಸ್ತನಾಗಿ ನನಗೆ ಆ ತೀರ್ಪು ಸರಿಯೆನಿಸಿತು. ಹಣಕಾಸಿನವರ ಒಂದು ಸಾಲಿಗೆ ಮದ್ದು ಅದಲ್ಲ.

ನಮ್ಮ ಪುಣೆಯವರದೇ ಬೇರೆ ಅಳಲು. ಇಷ್ಟೊಂದು ಪ್ರಕರಣಗಳಿರುವ ಜಿಲ್ಲೆಗೆ ಪೀಠವಿಲ್ಲ, ಕೊಲ್ಲಾಪುರದ ವ್ಯಾಪ್ತಿಗೂ ನಾವು ಸೇರಿಲ್ಲ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಉತ್ತರ 3: ವಾಸ್ಕೋ ನಿವಾಸಿ, ಗೋವಾ

ಮಹಾರಾಷ್ಟ್ರದವರ ಚರ್ಚೆಯಲ್ಲಿ ಗೋವಾದ ಮಾತು ಬಿಟ್ಟುಹೋಗಬಾರದೆಂದು ಬರೆಯುತ್ತಿದ್ದೇನೆ. ಇಲ್ಲಿ ಹೈಕೋರ್ಟಿನ ಬದಲು ಮೊದಲಿದ್ದದ್ದು ಜುಡಿಷಿಯಲ್ ಕಮಿಷನರ್ ನ್ಯಾಯಾಲಯ. 1982ರ ಅಕ್ಟೋಬರ್ 30ರಂದು ಮುಂಬಯಿ ಹೈಕೋರ್ಟಿನ ವ್ಯಾಪ್ತಿ ಗೋವಾಕ್ಕೆ ವಿಸ್ತರಿಸಿತು, ಪಣಜಿಯಲ್ಲಿ ಪೀಠ ಬಂದಿತು. 1987ರ ಮೇ 30ರಂದು ಗೋವಾ ರಾಜ್ಯವಾಯಿತು. ರಾಜ್ಯವಾದ ಮೇಲೆ ಮುಖ್ಯಮಂತ್ರಿ, ರಾಜ್ಯಪಾಲ, ವಿಧಾನಸಭೆ ಎಲ್ಲವೂ ಇಲ್ಲಿಯವೇ ಆದರೂ ಮುಖ್ಯ ನ್ಯಾಯಮೂರ್ತಿಗಳು ಮಾತ್ರ ಮುಂಬಯಿಯವರಾಗಿಯೇ ಉಳಿದರು.

ಇದರ ಫಲವನ್ನು ಒಳ್ಳೆಯದೆಂದೂ ಹೇಳಬಹುದು, ಕೆಟ್ಟದ್ದೆಂದೂ ಹೇಳಬಹುದು. ಗೋವಾದ ಪೀಠದಲ್ಲಿ ಯಾವ ನ್ಯಾಯಮೂರ್ತಿಗಳು ಕೂರಬೇಕು, ಎಷ್ಟು ಕಾಲ ಇರಬೇಕು, ಯಾರಿಗೆ ಯಾವ ಬಗೆಯ ಪ್ರಕರಣ ಎಂಬ ರೋಸ್ಟರಿನ ತೀರ್ಮಾನ ಮುಂಬಯಿಯಲ್ಲಾಗುತ್ತದೆ. ಗಣಿಗಾರಿಕೆ, ಕರಾವಳಿಯ ಕಟ್ಟಡಗಳು, ಭೂಪರಿವರ್ತನೆ ಇವೇ ಇಲ್ಲಿನ ರಾಜಕಾರಣದ ಜೀವಾಳ, ಮತ್ತು ಇವೆಲ್ಲ ಪೀಠದ ಮುಂದೆ ಬರುತ್ತವೆ. ಸಣ್ಣ ರಾಜ್ಯ, ಎಲ್ಲರಿಗೂ ಎಲ್ಲರೂ ಗೊತ್ತು. ಅಂಥ ಕಡೆ ನ್ಯಾಯಾಂಗದ ಮುಖ್ಯಸ್ಥರು ಪೊರ್ವೊರಿಮ್ಮಿನ ಸಚಿವಾಲಯದಿಂದ ಐದಾರು ನೂರು ಕಿಲೋಮೀಟರ್ ದೂರದಲ್ಲಿರುವುದು ಒಂದು ರೀತಿಯ ರಕ್ಷಣೆಯೇ. ಮಂತ್ರಿಯ ಮನೆಯ ಮದುವೆಯಲ್ಲಿ ಅಕಸ್ಮಾತ್ ಭೇಟಿಯಾಗುವ ಸಂಭವ ಕಡಿಮೆ. ಆದರೆ ಇಲ್ಲಿನ ನ್ಯಾಯಾಂಗದ ಅಗತ್ಯಗಳಿಗಾಗಿ ಇಲ್ಲಿನ ಸರಕಾರದೊಡನೆ ದಿನನಿತ್ಯ ಹೋರಾಡುವ ಒಬ್ಬ ಮುಖ್ಯಸ್ಥರು ಇಲ್ಲ ಎಂಬ ಕೊರತೆಯೂ ಅಷ್ಟೇ ನಿಜ. ಪೊರ್ವೊರಿಮ್ಮಿನಲ್ಲಿ ಪೀಠಕ್ಕೆ ಹೊಸ ಕಟ್ಟಡ 2021ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಮುಂಬಯಿಯ ಮೂಲ ಹೈಕೋರ್ಟಿಗಿಂತ ಮೊದಲು ಮರಿಗೆ ಹೊಸ ಮನೆ ಸಿಕ್ಕಿತೆಂದು ಇಲ್ಲಿನ ವಕೀಲರು ನಗುತ್ತಾರೆ. ಹಾಗಾಗಿ ದೂರವಿದ್ದರೆ ಕೆಲಸವಾಗುವುದಿಲ್ಲ ಎಂದು ಸಾರಾಸಗಟಾಗಿ ಹೇಳಲು ನಾನು ಹಿಂಜರಿಯುತ್ತೇನೆ.

ಉತ್ತರ 4: ರಾಜ್ಯಶಾಸ್ತ್ರ ಬೋಧಕಿ, ಕೋಥ್ರೂಡ್, ಪುಣೆ

ಪ್ರಶ್ನೆಯಲ್ಲಿ ಅಮೆರಿಕೆಯ ಪ್ರಸ್ತಾಪವಿದೆ, ಆ ಭಾಗವನ್ನು ನಾನು ತೆಗೆದುಕೊಳ್ಳುತ್ತೇನೆ.

ಅಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ಬಗೆ. ಟೆಕ್ಸಸ್ ಮತ್ತು ಅಲಬಾಮಾ ರಾಜ್ಯಗಳಲ್ಲಿ ಮುಖ್ಯ ನ್ಯಾಯಾಧೀಶರು ಪಕ್ಷದ ಹೆಸರಿನಲ್ಲೇ ಮತದಾರರ ಮುಂದೆ ಹೋಗುತ್ತಾರೆ. ನ್ಯೂಜೆರ್ಸಿಯಲ್ಲಿ ಗವರ್ನರರು ನೇಮಿಸುತ್ತಾರೆ, ಸೆನೆಟ್ ಒಪ್ಪಬೇಕು. ಅನೇಕ ರಾಜ್ಯಗಳಲ್ಲಿ ನ್ಯಾಯಾಂಗದ ಸ್ಥಿತಿಗತಿಯ ಕುರಿತು ಮುಖ್ಯ ನ್ಯಾಯಾಧೀಶರು ಶಾಸನಸಭೆಯ ಮುಂದೆ ಭಾಷಣ ಮಾಡುವ ಪದ್ಧತಿ ಇದೆ. ಅಲ್ಲಿ ಅವರು ಹಣ ಕೇಳುತ್ತಾರೆ, ಹೊಸ ನ್ಯಾಯಾಧೀಶರ ಹುದ್ದೆ ಕೇಳುತ್ತಾರೆ, ಕಾಯ್ದೆಯ ತಿದ್ದುಪಡಿಯನ್ನೂ ಕೇಳುತ್ತಾರೆ. ನಮ್ಮಲ್ಲಿ ಇಂಥ ವೇದಿಕೆಯೇ ಇಲ್ಲ. ಇರುವುದು ಮುಖ್ಯಮಂತ್ರಿಗಳು ಮತ್ತು ಮುಖ್ಯ ನ್ಯಾಯಮೂರ್ತಿಗಳ ಜಂಟಿ ಸಮ್ಮೇಳನ. ಅದೂ ದೆಹಲಿಯಲ್ಲಿ, ಅದೂ ಅಪರೂಪಕ್ಕೆ: 2016ರ ಏಪ್ರಿಲಿನಲ್ಲಿ ಒಮ್ಮೆ ನಡೆಯಿತು, ಭಾರತದ ಆಗಿನ ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಅವರು ನ್ಯಾಯಾಧೀಶರ ಕೊರತೆಯ ಬಗ್ಗೆ ಮಾತನಾಡುತ್ತ ಗದ್ಗದಿತರಾದದ್ದು ಆಗಲೇ. ಅದರ ಮುಂದಿನದು ನಡೆದದ್ದು 2022ರ ಏಪ್ರಿಲಿನಲ್ಲಿ.

ಮುಖ್ಯ ನ್ಯಾಯಾಧೀಶರನ್ನು ಇಡೀ ರಾಜ್ಯದ ನ್ಯಾಯಾಲಯಗಳ ಆಡಳಿತಾಧಿಪತಿಯಾಗಿ ಗಟ್ಟಿಯಾಗಿ ನಿಲ್ಲಿಸಿದ ಹೆಸರಾಂತ ಉದಾಹರಣೆ ನ್ಯೂಜೆರ್ಸಿಯ 1947ರ ಸಂವಿಧಾನ. ಅದರ ಹಿಂದೆ ದುಡಿದ ಆರ್ಥರ್ ವ್ಯಾಂಡರ್‌ಬಿಲ್ಟ್ ಅವರೇ 1948ರಲ್ಲಿ ಆ ಹುದ್ದೆಗೆ ಬಂದರು. ಅವರು ರಾಜಕೀಯವನ್ನು ಬಲ್ಲವರು, ಎಸೆಕ್ಸ್ ಕೌಂಟಿಯಲ್ಲಿ ರಿಪಬ್ಲಿಕನ್ ನಾಯಕರಾಗಿದ್ದವರು. ಯಾವ ನ್ಯಾಯಾಧೀಶ ಎಷ್ಟು ಪ್ರಕರಣ ಬಾಕಿ ಉಳಿಸಿದ್ದಾನೆ ಎಂದು ನಿಯತವಾಗಿ ಲೆಕ್ಕ ತರಿಸಿ ನೋಡುವ ಪದ್ಧತಿ ಅವರದು. ಸಹೋದ್ಯೋಗಿಗಳಿಗೆ ಇದು ರುಚಿಸಿರಲಾರದು, ಆದರೆ ಬೇರೆ ರಾಜ್ಯಗಳು ಆ ಮಾದರಿಯನ್ನು ಅಧ್ಯಯನ ಮಾಡಿದವು.

ಹಣದ ಜಗಳ ಅಲ್ಲಿಯೂ ಇದೆ, ಮತ್ತು ಶಿವಾಜಿನಗರದ ಹಿರಿಯರು ಹೇಳಿದ್ದಕ್ಕಿಂತ ಬಹಿರಂಗವಾಗಿದೆ. 1991ರಲ್ಲಿ ನ್ಯೂಯಾರ್ಕಿನ ಮುಖ್ಯ ನ್ಯಾಯಾಧೀಶ ಸೋಲ್ ವಾಕ್ಟ್‌ಲರ್ ಅವರು ನ್ಯಾಯಾಂಗದ ಬಜೆಟ್ ಕಡಿತದ ವಿರುದ್ಧ ತಮ್ಮನ್ನು ನೇಮಿಸಿದ್ದ ಗವರ್ನರ್ ಮಾರಿಯೋ ಕುವೊಮೊ ಅವರ ಮೇಲೆಯೇ ದಾವೆ ಹೂಡಿದರು. ಕೊನೆಗೆ ರಾಜಿಯಾಯಿತು. ಕಾನ್ಸಸ್ ರಾಜ್ಯದ ಪ್ರಸಂಗ ಇನ್ನೂ ವಿಚಿತ್ರ. ಜಿಲ್ಲಾ ನ್ಯಾಯಾಲಯಗಳ ಮುಖ್ಯ ನ್ಯಾಯಾಧೀಶರನ್ನು ಆರಿಸುವ ಅಧಿಕಾರವನ್ನು ಶಾಸನಸಭೆಯು 2014ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಿಂದ ಕಿತ್ತುಕೊಂಡಿತು. ಮರುವರ್ಷ, ಈ ಕಾಯ್ದೆಯನ್ನು ನ್ಯಾಯಾಲಯ ರದ್ದುಮಾಡಿದರೆ ಇಡೀ ನ್ಯಾಯಾಂಗದ ಅನುದಾನವೇ ರದ್ದಾಗುತ್ತದೆ ಎಂಬ ಷರತ್ತನ್ನು ಬಜೆಟ್ಟಿಗೆ ಅಂಟಿಸಿತು. ನ್ಯಾಯಾಲಯ 2015ರ ಡಿಸೆಂಬರಿನಲ್ಲಿ ಕಾಯ್ದೆಯನ್ನು ರದ್ದುಪಡಿಸಿಯೇಬಿಟ್ಟಿತು. ಆ ಮೇಲೆ ಶಾಸಕರೇ ಷರತ್ತನ್ನು ಹಿಂತೆಗೆದುಕೊಂಡರು. ನಮ್ಮ ಸಂವಿಧಾನದ ಪ್ರಭೃತ ವೆಚ್ಚದ ಏರ್ಪಾಟಿನ ಬೆಲೆ ಇಂಥ ಕಡೆ ತಿಳಿಯುತ್ತದೆ.

ಚುನಾವಣೆಯಿಂದ ಉತ್ತರದಾಯಿತ್ವ ಬರುತ್ತದೆ ಎನ್ನುವವರು ಅಲಬಾಮಾದ ರಾಯ್ ಮೂರ್ ಅವರನ್ನು ನೆನೆಯಬೇಕು. ನ್ಯಾಯಾಲಯದ ಆವರಣದಲ್ಲಿ ತಾವು ಇರಿಸಿದ್ದ ಬೈಬಲಿನ ಹತ್ತು ಕಟ್ಟಳೆಗಳ ಶಿಲಾಸ್ಮಾರಕವನ್ನು ತೆಗೆಯಬೇಕೆಂಬ ಫೆಡರಲ್ ನ್ಯಾಯಾಲಯದ ಆದೇಶವನ್ನು ಧಿಕ್ಕರಿಸಿ 2003ರಲ್ಲಿ ಹುದ್ದೆ ಕಳೆದುಕೊಂಡರು. 2012ರಲ್ಲಿ ಮತದಾರರು ಅವರನ್ನೇ ಮತ್ತೆ ಆರಿಸಿದರು, 2016ರಲ್ಲಿ ಮತ್ತೆ ಅಮಾನತಾದರು. ಇದಕ್ಕೆ ತದ್ವಿರುದ್ಧ ತುದಿಯಲ್ಲಿ ಅಯೋವಾ ಇದೆ. ಸಲಿಂಗ ವಿವಾಹದ ಪರ 2009ರಲ್ಲಿ ಒಮ್ಮತದ ತೀರ್ಪು ಕೊಟ್ಟದ್ದಕ್ಕಾಗಿ ಮುಖ್ಯ ನ್ಯಾಯಾಧೀಶೆ ಮಾರ್ಷಾ ಟರ್ನಸ್ ಸೇರಿದಂತೆ ಮೂವರನ್ನು ಮತದಾರರು 2010ರಲ್ಲಿ ಮನೆಗೆ ಕಳಿಸಿದರು. ಎರಡೂ ಕಡೆ ಜನಾಭಿಪ್ರಾಯ ಕೆಲಸ ಮಾಡಿತು. ಯಾವ ಕಡೆಯೂ ಬಾಕಿ ಪ್ರಕರಣಗಳ ಲೆಕ್ಕವನ್ನು ಯಾರೂ ಕೇಳಲಿಲ್ಲ.

ಉತ್ತರ 5: ಮಾಟುಂಗಾ ಹಳಬ, ಮುಂಬಯಿ

ಇಷ್ಟು ಹೊತ್ತೂ ಎಲ್ಲರೂ "ನಾಯಕತ್ವ"ವನ್ನು ಒಳ್ಳೆಯ ವಸ್ತುವೆಂದೇ ಹಿಡಿದು ಮಾತನಾಡಿದ್ದೀರಿ. ನನ್ನ ಸ್ವಭಾವ ಬೇರೆ. ನ್ಯಾಯಮೂರ್ತಿಗಳು ರಾಜ್ಯಾಡಳಿತಕ್ಕೆ ಹತ್ತಿರವಾದಷ್ಟೂ ನನಗೆ ಕಸಿವಿಸಿ.

ಒಂದು ಕಾಲದಲ್ಲಿ ಅವರು ಅಕ್ಷರಶಃ ರಾಜ್ಯದ ತಲೆಯ ಮೇಲೆ ಕೂತದ್ದುಂಟು. 1956ರ ನವೆಂಬರ್ 1ರಂದು ಬಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ, ಅದೇ ದಿನ ಯಶವಂತರಾವ್ ಚವಾಣರು ಇಲ್ಲಿ ಮುಖ್ಯಮಂತ್ರಿಯಾದಾಗ, ಮುಂಬಯಿಯ ಹಂಗಾಮಿ ರಾಜ್ಯಪಾಲರಾಗಿದ್ದವರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ. ಹರೇಕೃಷ್ಣ ಮಹತಾಬರ ನಂತರ, ಶ್ರೀಪ್ರಕಾಶರು ಬರುವ ತನಕ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅವರೇ. ಸಂಯುಕ್ತ ಮಹಾರಾಷ್ಟ್ರದ ಕಿಚ್ಚು ಹೊತ್ತಿದ್ದ ಕಾಲವದು. 1958ರಲ್ಲಿ ಜೀವವಿಮಾ ನಿಗಮದ ಹಣ ಹೂಡಿಕೆಯ ಮುಂದ್ರಾ ಹಗರಣದ ವಿಚಾರಣೆ ನಡೆಸಿದವರೂ ಅವರೇ, ಆ ಕಾರಣಕ್ಕೆ ಕೇಂದ್ರದ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅದೇ ವರ್ಷ ಛಾಗ್ಲಾ ಅವರು ಅಮೆರಿಕೆಗೆ ರಾಯಭಾರಿಯಾಗಿ ಹೋದರು, ಮುಂದೆ ಕೇಂದ್ರದಲ್ಲಿ ಶಿಕ್ಷಣ ಮಂತ್ರಿಯಾದರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಮಂತ್ರಿಯನ್ನೇ ಇಳಿಸಿದ ವಿಚಾರಣೆ ನಡೆಸಿದವರ ಬಗ್ಗೆ ಹಾಗೆ ಸಂಶಯಪಡುವುದು ಅನ್ಯಾಯ. ಆದರೂ ಪದ್ಧತಿಯಾಗಿ ಅದು ಸರಿಯೇ ಎಂದು ಕೇಳುತ್ತೇನೆ.

ಈಗ ಆ ರೂಢಿ ಬಹುಮಟ್ಟಿಗೆ ನಿಂತಿದೆ. 2025ರ ಸೆಪ್ಟೆಂಬರಿನಲ್ಲಿ ಸಿ.ಪಿ. ರಾಧಾಕೃಷ್ಣನ್ ಅವರು ಉಪರಾಷ್ಟ್ರಪತಿಯಾದಾಗ ಮಹಾರಾಷ್ಟ್ರದ ಹೊಣೆ ಹೋದದ್ದು ಗುಜರಾತಿನ ರಾಜ್ಯಪಾಲ ಆಚಾರ್ಯ ದೇವವ್ರತರಿಗೆ, ಮುಖ್ಯ ನ್ಯಾಯಮೂರ್ತಿಗಳಿಗಲ್ಲ. ಅದು ಸರಿಯಾದ ದಿಕ್ಕು. ನಮ್ಮ ದಕ್ಷಿಣ ಕನ್ನಡದವರೇ ಆದ ಅಬ್ದುಲ್ ನಜೀರ್ ಅವರು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ನಿವೃತ್ತರಾಗಿ ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ರಾಜ್ಯಪಾಲರಾದಾಗ ಊರಿನವರು ಅಭಿಮಾನಪಟ್ಟರು, ನಾನು ಹುಬ್ಬು ಗಂಟಿಕ್ಕಿದೆ. ಕೆ.ಎಸ್. ಹೆಗ್ಡೆಯವರ ದಾರಿ ನನಗೆ ಹೆಚ್ಚು ಒಪ್ಪಿತ. ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಗಳಾಗಿದ್ದು, 1973ರಲ್ಲಿ ಹಿರಿತನವನ್ನು ಮೀರಿ ಬೇರೆಯವರನ್ನು ಮೇಲೇರಿಸಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಹೊರಬಂದರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಜನರ ಮತ ಕೇಳಿ ಗೆದ್ದು ಲೋಕಸಭೆಯ ಅಧ್ಯಕ್ಷರಾದರು. ರಾಜಕೀಯ ಬೇಕೆನಿಸಿದರೆ ನಿಲುವಂಗಿ ಕಳಚಿಟ್ಟು ಕಣಕ್ಕಿಳಿಯಬೇಕು, ಹಾಗೆ ಇಳಿದವರನ್ನು ನಾನು ಗೌರವಿಸುತ್ತೇನೆ.

ಪ್ರತಿಕ್ರಿಯೆ: ಜತ್ತದವ, ಡೊಂಬಿವಲಿ

ಎಲ್ಲರಿಗೂ ಕೃತಜ್ಞತೆಗಳು. ಮಾಟುಂಗಾದ ಹಿರಿಯರ ಆಕ್ಷೇಪಣೆ ವ್ಯಕ್ತಿಗಳ ಮುಂದಿನ ಹುದ್ದೆಗಳ ಬಗ್ಗೆ ಹೆಚ್ಚು ಇದೆ ಎಂದು ನನಗೆ ತೋರುತ್ತದೆ. ಕೊಲ್ಲಾಪುರದ ಆದೇಶದಂಥದ್ದನ್ನು ಅವರು ವಿರೋಧಿಸಲಾರರು. ಸೋಲಾಪುರದ ಪರಿಚಿತರೊಬ್ಬರು ಮಾತ್ರ, ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಮುಂಬಯಿಯಲ್ಲಿ ಇಳಿಯುತ್ತಿದ್ದೆವು, ಕೊಲ್ಲಾಪುರಕ್ಕೆ ಹೋಗುವುದೇ ಈಗ ತ್ರಾಸು ಎಂದು ಗೊಣಗುತ್ತಾರೆ. ಅವರನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆ ಉಳಿಯುತ್ತದೆ.

ಇನ್ನೊಂದು ಸಂಗತಿ ಕೇಳಬೇಕಿದೆ. ಕಾಯ್ದೆಗಳಲ್ಲಿ "ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ" ಎಂದು ಆಗಾಗ ಬರುತ್ತದೆ. ಸಮಾಲೋಚನೆಯಲ್ಲಿ ಅವರು ಬೇಡ ಎಂದರೆ ಮುಖ್ಯಮಂತ್ರಿ ನಿಲ್ಲಬೇಕೇ?

ಉತ್ತರ 6: ಫೋರ್ಟಿನ ವಕೀಲ, ಮುಂಬಯಿ

ಸೋಲಾಪುರದವರ ಗೊಣಗಾಟ ನ್ಯಾಯವಾದದ್ದೇ. 51ನೆಯ ಕಲಂ ಸಾರ್ವಜನಿಕ ಅಹವಾಲು ಕೇಳಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ಮಾಟುಂಗಾದ ಹಿರಿಯರ ಕಸಿವಿಸಿಗೆ ಗಟ್ಟಿಯಾದ ನೆಲೆ ಇರುವುದು ಇಂಥಲ್ಲಿ ಎಂದು ನನಗನ್ನಿಸುತ್ತದೆ. ಮಂತ್ರಿಯನ್ನಾದರೆ ಮುಂದಿನ ಚುನಾವಣೆಯಲ್ಲಿ ಕೇಳಬಹುದು, ಅಧಿಸೂಚನೆ ಹೊರಡಿಸಿದ ಮುಖ್ಯ ನ್ಯಾಯಮೂರ್ತಿಗಳು ಮುಂದಿನ ತಿಂಗಳು ಈ ರಾಜ್ಯದಲ್ಲೇ ಇರುವುದಿಲ್ಲ.

ಸಮಾಲೋಚನೆಯ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಕಾಯ್ದೆಯಿಂದ ಕಾಯ್ದೆಗೆ ಬದಲಾಗುತ್ತದೆ. ನ್ಯಾಯಮೂರ್ತಿಗಳ ನೇಮಕದಲ್ಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ಇಬ್ಬರು ಹಿರಿಯ ಸಹೋದ್ಯೋಗಿಗಳೊಡನೆ ಕೂಡಿ ಹೆಸರುಗಳನ್ನು ಕಳಿಸುತ್ತಾರೆ. ಮುಖ್ಯಮಂತ್ರಿ ಆರು ವಾರದೊಳಗೆ ಅಭಿಪ್ರಾಯ ತಿಳಿಸಬೇಕು, ತಿಳಿಸದಿದ್ದರೆ ಹೇಳುವುದಕ್ಕೇನಿಲ್ಲವೆಂದು ಭಾವಿಸಬಹುದು. ಅಲ್ಲಿ ಮುಖ್ಯ ನ್ಯಾಯಮೂರ್ತಿಗಳ ಮಾತಿಗೆ ತೂಕ ಹೆಚ್ಚು.

ಲೋಕಾಯುಕ್ತದ ವಿಚಾರದಲ್ಲಿ ಸುಪ್ರೀಂ ಕೋರ್ಟು 2013ರ ಜನವರಿ ಒಂದೇ ತಿಂಗಳಲ್ಲಿ ಎರಡು ತೀರ್ಪು ಕೊಟ್ಟಿತು. ಗುಜರಾತಿನ ಪ್ರಕರಣದಲ್ಲಿ, ಮುಖ್ಯಮಂತ್ರಿಯ ವಿರೋಧವಿದ್ದರೂ ಮುಖ್ಯ ನ್ಯಾಯಮೂರ್ತಿಗಳು ಸೂಚಿಸಿದ್ದ ಆರ್.ಎ. ಮೆಹ್ತಾ ಅವರ ನೇಮಕವನ್ನು ಎತ್ತಿಹಿಡಿದು, ಅಲ್ಲಿನ ಕಾಯ್ದೆಯಡಿ ಮುಖ್ಯ ನ್ಯಾಯಮೂರ್ತಿಗಳ ಅಭಿಪ್ರಾಯಕ್ಕೇ ಪ್ರಾಧಾನ್ಯವೆಂದಿತು. ಕರ್ನಾಟಕದ ಉಪಲೋಕಾಯುಕ್ತರಾಗಿದ್ದ ಚಂದ್ರಶೇಖರಯ್ಯನವರ ಪ್ರಕರಣದಲ್ಲಿ, ಕರ್ನಾಟಕದ 1984ರ ಕಾಯ್ದೆಯ ಒಕ್ಕಣೆ ಬೇರೆ ಇರುವುದರಿಂದ ಮುಖ್ಯ ನ್ಯಾಯಮೂರ್ತಿಗಳ ಮಾತಿಗೆ ಅಂಥ ಪ್ರಾಧಾನ್ಯವಿಲ್ಲವೆಂದಿತು. ಸಭಾಪತಿ, ಸಭಾಧ್ಯಕ್ಷರು, ಉಭಯ ಸದನಗಳ ವಿರೋಧ ಪಕ್ಷದ ನಾಯಕರು ಇವರ ಸಾಲಿನಲ್ಲಿ ಅವರೂ ಒಬ್ಬರು. ಸಲಹೆ ಕೊಡುವ ಅಧಿಕಾರ ಮುಖ್ಯಮಂತ್ರಿಯದು. ಆದರೆ ಕೇಳದೆಯೇ ಬಿಡುವಂತಿಲ್ಲ. ಮುಖ್ಯ ನ್ಯಾಯಮೂರ್ತಿಗಳನ್ನು ಕೇಳದೆ ಮಾಡಿದ ಆ ನೇಮಕವನ್ನು ಅದೇ ತೀರ್ಪು ಅನೂರ್ಜಿತಗೊಳಿಸಿತು. ಮಹಾರಾಷ್ಟ್ರದ 1971ರ ಲೋಕಾಯುಕ್ತ ಕಾಯ್ದೆಯಲ್ಲಿಯೂ ಮುಖ್ಯ ನ್ಯಾಯಮೂರ್ತಿಗಳ ಮತ್ತು ವಿರೋಧ ಪಕ್ಷದ ನಾಯಕರ ಸಮಾಲೋಚನೆಯ ಮಾತಿದೆ. ಇಲ್ಲಿ ಅಂಥ ತಕರಾರು ಎದ್ದರೆ ಎರಡೂ ತೀರ್ಪುಗಳನ್ನು ಎದುರಿಗಿಟ್ಟುಕೊಂಡು, ನಮ್ಮ ಕಾಯ್ದೆಯ ಒಕ್ಕಣೆ ಯಾವುದಕ್ಕೆ ಹತ್ತಿರ ಎಂದು ವಾದಿಸಬೇಕಾಗುತ್ತದೆ.